ಕಲಾಪೋಷಕ ಮುಮ್ಮಡಿ ಕೃಷ್ಣರಾಜ ಒಡೆಯರು

ಸಕಲೇಶಪುರದ ಸಮೀಪದಲ್ಲಿ ಗುಡ್ಡವೊಂದರ ಮೇಲೆ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿದೆ. ಅದನ್ನು ಕಟ್ಟಿಸಿದವನು ಟಿಪ್ಪು ಸುಲ್ತಾನ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕಾಳಗದಲ್ಲಿ ಟಿಪ್ಪು ಮಡಿದನು. ಆಗ ಮಂಜು ಕವಿಯುವ ಸಕಲೇಶಪುರ, ಆಲೂರುಗಳ ಗುಡ್ಡಗಾಡನ್ನೂ ಮೂಡಲ ಬಯಲುಸೀಮೆಯನ್ನೂ ಒಳಗೊಂಡ ಮೈಸೂರು ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ಆ ವರ್ಷದ ಜೂನ್ 30ರಂದು ಪಟ್ಟವೇರಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆಗಿನ್ನೂ ಅವರಿಗೆ ಐದು ವರ್ಷ ತುಂಬಿರಲಿಲ್ಲ.

ಮುಮ್ಮಡಿಯವರು ಜನಿಸಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷ ತುಂಬುವುದರೊಳಗೆ ತಂದೆಯನ್ನು ಕಳೆದುಕೊಂಡ ಮಗುವನ್ನು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಅಕ್ಕರೆಯಿಂದ ಬೆಳೆಸಿದರು. ಬಾಲರಾಜರ ಪರವಾಗಿ ದಿವಾನ್ ಪೂರ್ಣಯ್ಯನವರು ರಾಜ್ಯಭಾರವನ್ನು ನಡೆಸಿದರು. ಪ್ರಾಯಕ್ಕೆ ಬಂದ ಒಡೆಯರು ಆಡಳಿತವನ್ನು ತಾವೇ ವಹಿಸಿಕೊಂಡರು. ದೈವಭಕ್ತಿಯೂ ಔದಾರ್ಯವೂ ಅವರ ಹುಟ್ಟುಗುಣಗಳಾಗಿದ್ದವು. ಚಾಮುಂಡಿಬೆಟ್ಟದ ದೇವಾಲಯಕ್ಕೆ 1827ರಲ್ಲಿ ಗೋಪುರವನ್ನು ಕಟ್ಟಿಸಿದವರು ಅವರೇ. ಕವಿಗಳೂ ಗಾಯಕರೂ ಚಿತ್ರಕಾರರೂ ಅವರ ಆಸ್ಥಾನವನ್ನು ಅರಸಿ ಬಂದರು.

ಆದರೆ ರಾಜ್ಯಭಾರ ಹೂವಿನ ಹಾಸಿಗೆಯಾಗಿರಲಿಲ್ಲ. ಬೊಕ್ಕಸ ಬರಿದಾಗುತ್ತ ಬಂದಿತು. ಸಾಲದ ಹೊರೆ ಏರಿತು. ಕಂದಾಯ ವಸೂಲಿಯಲ್ಲಿ ಅಧಿಕಾರಿಗಳು ಕೊಡುತ್ತಿದ್ದ ಕಿರುಕುಳದಿಂದ ರೈತರು ನೊಂದರು. 1830ರಲ್ಲಿ ನಗರ ಪ್ರಾಂತದಲ್ಲಿ ದಂಗೆ ಎದ್ದಿತು. ಇದನ್ನೇ ಕಾರಣವಾಗಿ ಮುಂದೊಡ್ಡಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು 1831ರಲ್ಲಿ ರಾಜ್ಯದ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡನು. ಮಂಜರಾಬಾದ್ ಸೀಮೆಯಿಂದ ಬೆಂಗಳೂರಿನವರೆಗೆ ಎಲ್ಲೆಲ್ಲಿಯೂ ಇಂಗ್ಲಿಷ್ ಕಮಿಷನರರ ಆಜ್ಞೆಯೇ ನಡೆಯತೊಡಗಿತು. ಅರಸರಿಗೆ ಅರಮನೆ ಉಳಿಯಿತು, ಅಧಿಕಾರ ಉಳಿಯಲಿಲ್ಲ. ಆಗ ಅವರ ವಯಸ್ಸು ಮೂವತ್ತೇಳು.

ಇಂತಹ ಅಪಮಾನಕ್ಕೆ ಸಿಲುಕಿದವರು ಕುಗ್ಗಿಹೋಗುವುದು ಸಹಜ. ಒಡೆಯರಾದರೋ ರಾಜ್ಯವನ್ನು ಮರಳಿ ಪಡೆಯಲು ಬಿನ್ನಹಗಳನ್ನು ಕಳುಹಿಸುತ್ತಲೇ, ತಮ್ಮ ಮನಸ್ಸನ್ನು ಮೊದಲಿನಿಂದಲೂ ಪ್ರಿಯವಾಗಿದ್ದ ವಿದ್ಯೆ ಮತ್ತು ಕಲೆಗಳ ಕಡೆಗೆ ಮತ್ತಷ್ಟು ಹರಿಸಿದರು. 1833ರಲ್ಲಿ ಮೈಸೂರಿನಲ್ಲಿ ಉಚಿತವಾದ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅವರ ಪೋಷಣೆಯ ದೊಡ್ಡ ಫಲವನ್ನು ಉಂಡದ್ದು ಮೈಸೂರು ಸಾಂಪ್ರದಾಯಿಕ ಚಿತ್ರಕಲೆ.

ಈ ಕಲೆಯ ಬೇರು ವಿಜಯನಗರದಲ್ಲಿದೆ. 1565ರಲ್ಲಿ ಆ ಸಾಮ್ರಾಜ್ಯ ಕುಸಿದಾಗ ಚಿತ್ರಗಾರ ಮನೆತನಗಳು ಆಶ್ರಯವನ್ನು ಹುಡುಕುತ್ತ ಚದುರಿದವು. ಕೆಲವರಿಗೆ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ ಆಶ್ರಯ ದೊರೆಯಿತು. ತಂದೆಯಿಂದ ಮಗನಿಗೆ ಬಂದ ಆ ವಿದ್ಯೆ ಮುಮ್ಮಡಿಯವರ ಕಾಲಕ್ಕೆ ಪೂರ್ಣವಾಗಿ ಅರಳಿತು.

ಮೈಸೂರು ಚಿತ್ರವನ್ನು ಬರೆಯುವುದು ತಾಳ್ಮೆಯ ಕೆಲಸ. ಹಲಗೆಗೆ ಅಂಟಿಸಿದ ಕಾಗದದ ಮೇಲೆ ಹುಣಿಸೆಕಡ್ಡಿಯ ಇದ್ದಿಲಿನಿಂದ ರೇಖೆಗಳನ್ನು ಎಳೆಯುತ್ತಾರೆ. ಅಳಿಲಿನ ಕೂದಲಿನ ಕುಂಚದಿಂದ ನವುರಾದ ಬಣ್ಣಗಳನ್ನು ತುಂಬುತ್ತಾರೆ. ಬಿಳಿಯ ಸಫೇದ ಪುಡಿ, ಹಳದಿಯ ಮಕ್ಕಿ ಮತ್ತು ಅಂಟುಗಳನ್ನು ಸೇರಿಸಿ ಅರೆದ ಲೇಪದಿಂದ ಒಡವೆ, ಕಿರೀಟ, ಮಂಟಪಗಳ ಭಾಗವನ್ನು ತುಸುವೇ ಉಬ್ಬಿಸಿ, ಅದರ ಮೇಲೆ ತೆಳುವಾದ ಚಿನ್ನದ ರೇಕನ್ನು ಹಚ್ಚುತ್ತಾರೆ. ಕೊನೆಗೆ ನುಣುಪಾದ ಕಲ್ಲಿನಿಂದ ಮೆಲ್ಲನೆ ಉಜ್ಜಿ ಹೊಳಪು ಕೊಡುತ್ತಾರೆ. ತಂಜಾವೂರು ಚಿತ್ರದಲ್ಲಿ ಉಬ್ಬು ಹೆಚ್ಚು; ಗಾಜು, ಹರಳುಗಳ ಬೆಡಗೂ ಉಂಟು. ಮೈಸೂರು ಚಿತ್ರದಲ್ಲಿ ಚಿನ್ನವು ರೇಖೆಗೆ ಅಧೀನವಾಗಿರುತ್ತದೆ. ನೋಡುವವನ ಕಣ್ಣು ಮೊದಲು ದೇವರ ಮುಖದ ಮೇಲೆಯೇ ನಿಲ್ಲುತ್ತದೆ.

ಯಾವ ದೇವತೆಗೆ ಯಾವ ಬಣ್ಣ, ಎಷ್ಟು ಕೈ, ಯಾವ ಆಯುಧ, ಯಾವ ವಾಹನ ಎಂಬುದನ್ನು ಚಿತ್ರಕಾರನು ತಿಳಿದಿರಬೇಕು. ಈ ತಿಳಿವಳಿಕೆ ಚದುರಿಹೋಗಬಾರದೆಂದು ಒಡೆಯರು ಶ್ರೀತತ್ತ್ವನಿಧಿ ಎಂಬ ಬೃಹದ್ಗ್ರಂಥವನ್ನು ಸಿದ್ಧಪಡಿಸಿಸಿದರು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಮೊದಲಾದ ಒಂಬತ್ತು ಭಾಗಗಳ ಈ ಗ್ರಂಥದಲ್ಲಿ ಧ್ಯಾನಶ್ಲೋಕಗಳೊಡನೆ ವರ್ಣಚಿತ್ರಗಳಿವೆ. ಕೌತುಕನಿಧಿ ಎಂಬ ಭಾಗದಲ್ಲಿ 122 ಯೋಗಾಸನಗಳ ಚಿತ್ರಗಳೂ ಇವೆ. 1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರವನ್ನೂ, ರಾಜವಂಶಾವಳಿಯನ್ನು ಕಮಲದ ರೂಪದಲ್ಲಿ ತೋರಿಸುವ ಸಂತಾನಾಂಬುಜವನ್ನೂ ಕಾಣಬಹುದು.

ಒಡೆಯರಿಗೆ ಪಟ್ಟಕ್ಕೆ ಹಕ್ಕುದಾರನಾದ ಮಗನಿರಲಿಲ್ಲ. 1865ರಲ್ಲಿ ಅವರು ಮಗಳ ಮಗನಾದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಆ ದತ್ತನ್ನು ಬ್ರಿಟಿಷ್ ಸರ್ಕಾರ ಮನ್ನಿಸದಿದ್ದರೆ ಮೈಸೂರು ರಾಜ್ಯವೇ ಅಳಿದುಹೋಗುತ್ತಿತ್ತು. ಇಳಿವಯಸ್ಸಿನ ದೊರೆ ಎದೆಗುಂದದೆ ಪ್ರಯತ್ನಿಸಿದರು. ಕೊನೆಗೆ 1867ರಲ್ಲಿ ಲಂಡನ್ನಿನಿಂದ ಒಪ್ಪಿಗೆ ದೊರೆಯಿತು. ಮರುವರ್ಷ, 1868ರ ಮಾರ್ಚ್ 27ರಂದು ಮುಮ್ಮಡಿಯವರು ಕಣ್ಮುಚ್ಚಿದರು. ರಾಜ್ಯ ಮನೆತನಕ್ಕೆ ಮರಳಿದ್ದು 1881ರಲ್ಲಿ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಅವರ ಆಳ್ವಿಕೆಯಲ್ಲಿ ಕುಂದುಗಳಿದ್ದವು. ಆದರೆ ಅಧಿಕಾರವಿಲ್ಲದ ಮೂವತ್ತೇಳು ವರ್ಷಗಳನ್ನು ಅವರು ಕೊರಗಿನಲ್ಲಿ ಕಳೆಯಲಿಲ್ಲ. ಮೈಸೂರಿನ ಚಿತ್ರಗಾರರು ಇಂದಿಗೂ ಹಲಗೆಯ ಮುಂದೆ ಕುಳಿತು ಸಫೇದದ ಉಬ್ಬಿಗೆ ಚಿನ್ನದ ರೇಕನ್ನು ಹಚ್ಚುತ್ತಿದ್ದಾರೆ. ರಾಜ್ಯವನ್ನು ಕಳೆದುಕೊಂಡ ದೊರೆ ನಾಡಿಗೆ ಉಳಿಸಿಕೊಟ್ಟ ಸಂಪತ್ತು ಅದು.