ಹಾಡು ಮುಗಿದ ಮೇಲೆ ಉಳಿದ ಕೆಲಸ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬೆಂಗಳೂರಿನ ಒಂದು ವಿದ್ಯಾರ್ಥಿನಿಲಯದಲ್ಲಿದ್ದೆ. ರಾತ್ರಿ ವಿದ್ಯುತ್ ಕೈಕೊಟ್ಟಾಗಲೆಲ್ಲ ಯಾರಾದರೊಬ್ಬರು ಗಿಟಾರ್ ಎತ್ತಿಕೊಳ್ಳುತ್ತಿದ್ದರು. ಉಳಿದವರು ಮೆಟ್ಟಿಲುಗಳ ಮೇಲೆ ಕುಳಿತು ದನಿಗೂಡಿಸುತ್ತಿದ್ದರು. ಆ ಹಾಡುಗಳಲ್ಲಿ ಊರಿನ ದಾರಿಯನ್ನು ಕುರಿತ ಒಂದು ಹಾಡು ತಪ್ಪದೆ ಇರುತ್ತಿತ್ತು. ಅದರಲ್ಲಿ ಬರುವ ವೆಸ್ಟ್ ವರ್ಜೀನಿಯಾ ಭೂಪಟದಲ್ಲಿ ಎಲ್ಲಿದೆಯೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಲೆನಾಡಿನ ಹಳ್ಳಿಯಿಂದ ಬಂದಿದ್ದ ನನಗೆ ಅದು ತೀರ್ಥಹಳ್ಳಿಯಿಂದಾಚೆಗಿನ ಕೆಮ್ಮಣ್ಣಿನ ರಸ್ತೆ. ಕೇರಳದ ಗೆಳೆಯನಿಗೆ ಯಾವುದೋ ಹೊಳೆಯ ದಂಡೆ. ಹಾಡಿದವನ ಹೆಸರು ಜಾನ್ ಡೆನ್ವರ್. ದುಂಡು ಕನ್ನಡಕ, ಹೊಂಬಣ್ಣದ ಕೂದಲು, ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಮುಗ್ಧ ನಗು – ಆತನ ಬಗ್ಗೆ ನಮಗಿದ್ದ ತಿಳಿವಳಿಕೆ ಇಷ್ಟೇ.

ನಾವು ಮೆಟ್ಟಿಲುಗಳ ಮೇಲೆ ಕುಳಿತು ಹಾಡುತ್ತಿದ್ದ ಅದೇ ವರ್ಷಗಳಲ್ಲಿ ಆತ ಅಮೆರಿಕದ ಅಧ್ಯಕ್ಷರು ನೇಮಿಸಿದ ಆಯೋಗವೊಂದರ ಸದಸ್ಯನಾಗಿ, ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೊದಲಾದವರೊಂದಿಗೆ ಜಗತ್ತಿನ ಹಸಿವಿನ ಕುರಿತು ಯೋಚಿಸುತ್ತಿದ್ದ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹಾಡನ್ನು ಬಾಯಿಪಾಠ ಮಾಡಿದ್ದ ನಾವು ಹಾಡುಗಾರನನ್ನು ಕೇಳಿಸಿಕೊಂಡಿರಲೇ ಇಲ್ಲ. ಹಾಗೆ ನೋಡಿದರೆ, ಆತನ ಸ್ವಂತ ದೇಶದವರೂ ಪೂರ್ತಿಯಾಗಿ ಕೇಳಿಸಿಕೊಳ್ಳಲಿಲ್ಲ.

ಡೆನ್ವರ್ ಹುಟ್ಟಿದ್ದು 1943ರ ಡಿಸೆಂಬರ್ 31ರಂದು, ನ್ಯೂ ಮೆಕ್ಸಿಕೊ ರಾಜ್ಯದ ರಾಸ್‌ವೆಲ್‌ನಲ್ಲಿ. ಹುಟ್ಟುಹೆಸರು ಹೆನ್ರಿ ಜಾನ್ ಡ್ಯೂಷನ್‌ಡಾರ್ಫ್. ತಂದೆ ಅಮೆರಿಕದ ವಾಯುಪಡೆಯ ಅಧಿಕಾರಿ. ಬಾಂಬರ್ ವಿಮಾನದಲ್ಲಿ ವೇಗದ ದಾಖಲೆ ಸ್ಥಾಪಿಸಿದ ಪೈಲಟ್. ವರ್ಗಾವಣೆಯ ನೌಕರಿ ಮಾಡುವವರ ಮಕ್ಕಳ ಪಾಡು ನಮ್ಮಲ್ಲೂ ಅಪರಿಚಿತವಲ್ಲ. ಒಂದು ಊರಿನಲ್ಲಿ ಗೆಳೆಯರಾಗುವಷ್ಟರಲ್ಲಿ ಗಂಟುಮೂಟೆ ಕಟ್ಟಬೇಕು. ಟೂಸಾನ್, ಮಾಂಟ್‌ಗೊಮೆರಿ, ಫೋರ್ಟ್ ವರ್ತ್ – ಹೀಗೆ ಊರೂರು ಅಲೆದ ಹುಡುಗನಿಗೆ ಅಜ್ಜಿ ಕೊಟ್ಟ ಹಳೆಯ ಗಿಬ್ಸನ್ ಗಿಟಾರ್ ಒಂದೇ ಶಾಶ್ವತ ಸಂಗಾತಿ. ಮುಂದೆ ಆತ ಬರೆದ ಹಾಡುಗಳಲ್ಲಿ ಮನೆ, ಊರು, ಮರಳುವ ದಾರಿ ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. ಮನೆಯಿದ್ದವನು ಮನೆಯ ಬಗ್ಗೆ ಅಷ್ಟೊಂದು ಹಾಡಬೇಕಾಗಿಲ್ಲ.

ಟೆಕ್ಸಾಸ್‌ನಲ್ಲಿ ವಾಸ್ತುಶಿಲ್ಪದ ಓದನ್ನು ಅರ್ಧಕ್ಕೆ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದ ಡ್ಯೂಷನ್‌ಡಾರ್ಫ್, ಆ ಉದ್ದನೆಯ ಹೆಸರನ್ನೂ ಬಿಟ್ಟು ಕೊಲರಾಡೊ ರಾಜಧಾನಿಯ ಹೆಸರಿಟ್ಟುಕೊಂಡ. 1965ರಲ್ಲಿ ಚಾಡ್ ಮಿಚೆಲ್ ಟ್ರಿಯೊ ಎಂಬ ಜನಪದ ಗಾಯನ ತಂಡ ಸೇರಿದ. ಆತ ಬರೆದ ‘ಲೀವಿಂಗ್ ಆನ್ ಎ ಜೆಟ್ ಪ್ಲೇನ್’ ಹಾಡನ್ನು ಪೀಟರ್, ಪಾಲ್ ಅಂಡ್ ಮೇರಿ ತಂಡ ಹಾಡಿ 1969ರಲ್ಲಿ ಅಮೆರಿಕದ ಜನಪ್ರಿಯತಾ ಪಟ್ಟಿಯ ತುದಿಗೇರಿಸಿತು. 1971ರಲ್ಲಿ ಬಂತು ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ – ನಮ್ಮ ಹಾಸ್ಟೆಲಿನ ಹಾಡು. ಅದನ್ನು ಡೆನ್ವರ್ ಜೊತೆ ಸೇರಿ ಬರೆದವರು ಬಿಲ್ ಡ್ಯಾನಫ್ ಮತ್ತು ಟ್ಯಾಫಿ ನಿವರ್ಟ್ ದಂಪತಿ. ಮೂವರಲ್ಲಿ ಯಾರೊಬ್ಬರೂ ವೆಸ್ಟ್ ವರ್ಜೀನಿಯಾದವರಲ್ಲ. ಹಾಡಿಗೆ ಪ್ರೇರಣೆಯಾದ ರಸ್ತೆ ಇದ್ದದ್ದು ಪಕ್ಕದ ಮೇರಿಲ್ಯಾಂಡ್‌ನಲ್ಲಿ. ಆದರೂ 2014ರಲ್ಲಿ ವೆಸ್ಟ್ ವರ್ಜೀನಿಯಾ ಅದನ್ನು ತನ್ನ ಅಧಿಕೃತ ನಾಡಗೀತೆಗಳಲ್ಲಿ ಒಂದಾಗಿ ಅಂಗೀಕರಿಸಿತು. ತೀರ್ಥಹಳ್ಳಿಯ ರಸ್ತೆಯನ್ನು ಅದರಲ್ಲಿ ಕಂಡ ನನ್ನ ತಪ್ಪು ಅಷ್ಟೇನೂ ದೊಡ್ಡದಲ್ಲವೆಂದು ಈಗ ಅನಿಸುತ್ತದೆ.

ಅಷ್ಟರಲ್ಲಿ ಡೆನ್ವರ್ ಕೊಲರಾಡೊದ ಆಸ್ಪೆನ್‌ನಲ್ಲಿ ನೆಲೆ ನಿಂತಿದ್ದ. ಅಲ್ಲಿನ ಬೆಟ್ಟಗಳ ನಡುವಿನ ಕೆರೆಯೊಂದರ ದಂಡೆಯಲ್ಲಿ ಗೆಳೆಯರೊಂದಿಗೆ ರಾತ್ರಿ ಕಳೆದಾಗ ಕಂಡ ಉಲ್ಕಾವರ್ಷದ ಬೆರಗಿನಿಂದ 1972ರ ‘ರಾಕಿ ಮೌಂಟನ್ ಹೈ’ ಹುಟ್ಟಿತು. ಅದು ಬೆಟ್ಟದ ಚೆಲುವಿನ ವರ್ಣನೆಯಷ್ಟೇ ಅಲ್ಲ. ಇನ್ನಷ್ಟು ಜನರನ್ನು ಕರೆತರಲು ಬೆಟ್ಟಗಳನ್ನೇ ಕೆಡಹುವುದೇಕೆ ಎಂಬ ಪ್ರಶ್ನೆಯೂ ಅದರೊಳಗಿದೆ. ಅದೇ ವರ್ಷದ ನವೆಂಬರ್‌ನಲ್ಲಿ ಕೊಲರಾಡೊದ ಮತದಾರರು 1976ರ ಚಳಿಗಾಲದ ಒಲಿಂಪಿಕ್ಸ್‌ಗೆ ಸಾರ್ವಜನಿಕ ಹಣ ಒದಗಿಸಲು ನಿರಾಕರಿಸಿದರು; ಕ್ರೀಡಾಕೂಟ ಆಸ್ಟ್ರಿಯಾಕ್ಕೆ ಹೋಯಿತು. ಹಾಡಿನಿಂದಲೇ ಹೀಗಾಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಆ ಜನರ ಮನಸ್ಸಿನಲ್ಲಿದ್ದ ಆತಂಕವೇ ಹಾಡಿನಲ್ಲಿಯೂ ಇತ್ತು.

1974 ಮತ್ತು 1975 ಡೆನ್ವರ್‌ನ ಉತ್ತುಂಗದ ವರ್ಷಗಳು. ಆ ಎರಡು ವರ್ಷಗಳಲ್ಲಿ ಆತನ ನಾಲ್ಕು ಹಾಡುಗಳು ಪಟ್ಟಿಯ ಮೊದಲ ಸ್ಥಾನಕ್ಕೇರಿದವು. ಆದರೆ ವಿಮರ್ಶಕರಿಗೆ ಆತ ಅತಿ ಸಿಹಿ, ಅತಿ ಸರಳ. ಹಳ್ಳಿಗಾಡಿನ ಸಂಗೀತದ ಪರಂಪರಾವಾದಿಗಳಿಗೆ ಆತ ಹೊರಗಿನವನು. 1975ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ವರ್ಷದ ಕಲಾವಿದ ಪ್ರಶಸ್ತಿಯನ್ನು ಆತನಿಗೆ ಘೋಷಿಸಿದಾಗ, ವೇದಿಕೆಯ ಮೇಲಿದ್ದ ಗಾಯಕ ಚಾರ್ಲಿ ರಿಚ್ ವಿಜೇತನ ಹೆಸರಿದ್ದ ಚೀಟಿಗೆ ಬೆಂಕಿ ಹಚ್ಚಿದ. ಅದು ಕುಡಿತದ ಅಮಲೋ, ತಿರಸ್ಕಾರವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಕೀರ್ತಿಯ ಶಿಖರದಲ್ಲಿದ್ದವನು ಅದನ್ನು ಏತಕ್ಕೆ ಬಳಸಿಕೊಂಡ ಎಂಬುದು ಇಲ್ಲಿ ಮುಖ್ಯ. ಸಾಗರ ಸಂಶೋಧಕ ಜಾಕ್ ಕೂಸ್ಟೊ ಅವರ ಹಡಗಿನ ಮೇಲೆ ‘ಕಲಿಪ್ಸೊ’ ಎಂಬ ಹಾಡನ್ನು ಬರೆದದ್ದು 1975ರಲ್ಲಿ. 1976ರಲ್ಲಿ ಟಾಮ್ ಕ್ರಮ್ ಜೊತೆಗೂಡಿ ಆಸ್ಪೆನ್ ಸಮೀಪದ ಸ್ನೋಮಾಸ್‌ನಲ್ಲಿ ಸುಮಾರು ಸಾವಿರ ಎಕರೆ ಜಮೀನಿನಲ್ಲಿ ವಿಂಡ್‌ಸ್ಟಾರ್ ಪ್ರತಿಷ್ಠಾನ ಸ್ಥಾಪಿಸಿದ. ಸೌರಶಕ್ತಿ, ಸಾವಯವ ಬೇಸಾಯ, ಪರಿಸರ ಶಿಕ್ಷಣ ಅಲ್ಲಿನ ವಿಷಯಗಳು. 1977ರಲ್ಲಿ ವರ್ನರ್ ಅರ್ಹಾರ್ಡ್ ಮತ್ತು ರಾಬರ್ಟ್ ಫುಲ್ಲರ್ ಅವರೊಂದಿಗೆ ಹಂಗರ್ ಪ್ರಾಜೆಕ್ಟ್ ಸಂಸ್ಥೆಯ ಸಹಸ್ಥಾಪಕನಾದ. ಮರುವರ್ಷ ಅಧ್ಯಕ್ಷ ಜಿಮ್ಮಿ ಕಾರ್ಟರ್ ಜಾಗತಿಕ ಹಸಿವಿನ ಕುರಿತು ಆಯೋಗ ರಚಿಸಿದಾಗ ಅದರಲ್ಲಿ ಇಬ್ಬರು ಹಾಡುಗಾರರಿದ್ದರು. ಒಬ್ಬ ಹ್ಯಾರಿ ಚಾಪಿನ್, ಇನ್ನೊಬ್ಬ ಡೆನ್ವರ್. ಅಭಿವೃದ್ಧಿಶೀಲ ದೇಶಗಳೊಂದಿಗಿನ ಅಮೆರಿಕದ ಸಂಬಂಧದಲ್ಲಿ ಹಸಿವಿನ ನಿರ್ಮೂಲನೆಯೇ ಮೊದಲ ಗುರಿಯಾಗಬೇಕೆಂದು ಆಯೋಗ 1980ರಲ್ಲಿ ವರದಿ ಕೊಟ್ಟಿತು. ಆಯೋಗಗಳ ವರದಿಗಳ ಗತಿ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರುವರ್ಷ ಸರ್ಕಾರ ಬದಲಾಯಿತು. 1981ರಲ್ಲಿ ಚಾಪಿನ್ ರಸ್ತೆ ಅಪಘಾತದಲ್ಲಿ ತೀರಿಕೊಂಡ.

ಹಂಗರ್ ಪ್ರಾಜೆಕ್ಟ್ ಕೂಡ ಟೀಕೆಗೆ ಹೊರತಾಗಿರಲಿಲ್ಲ. ಆರಂಭದ ವರ್ಷಗಳಲ್ಲಿ ಅದು ಹಸಿದವರಿಗೆ ಅನ್ನ ಕೊಡುವ ಬದಲು ಹೊಟ್ಟೆ ತುಂಬಿದವರ ಮನಸ್ಸು ಬದಲಾಯಿಸುವ ಮಾತಾಡುತ್ತಿತ್ತು. ಅರ್ಹಾರ್ಡ್ ನಡೆಸುತ್ತಿದ್ದ ವ್ಯಕ್ತಿತ್ವ ವಿಕಸನ ಶಿಬಿರಗಳ ನೆರಳು ಅದರ ಮೇಲಿತ್ತು. ಆ ಟೀಕೆಯಲ್ಲಿ ಹುರುಳಿತ್ತೆಂದೇ ನನ್ನ ಭಾವನೆ. ಡೆನ್ವರ್‌ಗೆ ಇದ್ದದ್ದು ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸಿಗೆ ಒಳ್ಳೆಯ ದಾರಿ ತಾನಾಗಿಯೇ ತೋಚುವುದಿಲ್ಲ.

ಆತನ ದುಡಿಮೆಗೆ ಸ್ಪಷ್ಟ ಫಲ ಕಂಡದ್ದು ಅಲಾಸ್ಕದಲ್ಲಿ. ಆ ವಿಶಾಲ ನಾಡಿನ ಕಾಡು, ಹಿಮನದಿಗಳನ್ನು ಉಳಿಸಿಕೊಳ್ಳುವ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ವರ್ಷಗಟ್ಟಲೆ ಎಳೆದಾಡುತ್ತಿದ್ದಾಗ ಡೆನ್ವರ್ ಅಲ್ಲಿಗೆ ಹೋಗಿ ದೂರದರ್ಶನಕ್ಕೆ ಚಿತ್ರ ಮಾಡಿದ, ಮಸೂದೆಯ ಪರ ಪ್ರಚಾರಕ್ಕೆ ನಿಂತ. 1980ರ ಡಿಸೆಂಬರ್ 2ರಂದು ಕಾರ್ಟರ್ ಸಹಿ ಹಾಕಿದ ಕಾಯಿದೆ ಹತ್ತು ಕೋಟಿಗೂ ಹೆಚ್ಚು ಎಕರೆ ಭೂಮಿಗೆ ರಕ್ಷಣೆ ಕೊಟ್ಟಿತು. ಇಡೀ ಕರ್ನಾಟಕದ ಎರಡು ಪಟ್ಟಿಗಿಂತ ದೊಡ್ಡ ಪ್ರದೇಶ ಅದು. ಅದರ ಹಿಂದೆ ನೂರಾರು ಕಾರ್ಯಕರ್ತರ ಶ್ರಮವಿತ್ತು, ಡೆನ್ವರ್ ಅವರಲ್ಲೊಬ್ಬ. ಆದರೆ ಹಾಡಿನ ಸಭೆಯಿಂದ ಕಾಯಿದೆಯವರೆಗಿನ ಬೇಸರದ ದಾರಿಯನ್ನು ನಡೆಯುವ ತಾಳ್ಮೆ ಎಷ್ಟು ಕಲಾವಿದರಿಗಿರುತ್ತದೆ? ಅಲ್ಲಿನ ಆರ್ಕ್ಟಿಕ್ ವನ್ಯಧಾಮದ ಕರಾವಳಿಯಲ್ಲಿ ತೈಲ ಬಾವಿ ತೋಡುವುದನ್ನು ಆತ ಕೊನೆಯವರೆಗೂ ವಿರೋಧಿಸಿದ. 2017ರಲ್ಲಿ ಅಮೆರಿಕದ ಸಂಸತ್ತು ಅದೇ ಕರಾವಳಿಯನ್ನು ತೈಲ ಗುತ್ತಿಗೆಗೆ ತೆರೆಯಿತು. ಗೆದ್ದ ಹೋರಾಟವನ್ನೂ ಪ್ರತಿ ತಲೆಮಾರು ಮತ್ತೆ ಗೆಲ್ಲಬೇಕಾಗುತ್ತದೆ.

1985 ಡೆನ್ವರ್‌ನ ಬದುಕಿನ ವಿಚಿತ್ರ ವರ್ಷ. ಇಥಿಯೋಪಿಯಾದ ಬರಗಾಲಕ್ಕಾಗಿ ಅಮೆರಿಕದ ಖ್ಯಾತ ಗಾಯಕರೆಲ್ಲ ಸೇರಿ ಒಂದು ಸಾಮೂಹಿಕ ಗೀತೆಯನ್ನು ಧ್ವನಿಮುದ್ರಿಸಿದರು. ಅದರಲ್ಲಿ ತಾನೂ ಇರಬೇಕೆಂದು ಡೆನ್ವರ್ ಬಯಸಿದ, ಅವಕಾಶ ಸಿಗಲಿಲ್ಲ. ಅಷ್ಟು ಹೊತ್ತಿಗೆ ಆತ ಹಸಿವಿನ ಪ್ರಶ್ನೆಯೊಂದಿಗೆ ಎಂಟು ವರ್ಷ ಕಳೆದಿದ್ದ. 1979ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಸಭಾಂಗಣದಲ್ಲಿ ಯುನಿಸೆಫ್‌ಗಾಗಿ ಹಾಡಿ, ಹಾಡಿದ ಗೀತೆಯ ಗೌರವಧನವನ್ನು ಮಕ್ಕಳಿಗೆ ಬಿಟ್ಟುಕೊಟ್ಟಿದ್ದ. ಆದರೆ ಆತನ ವರ್ಚಸ್ಸು ಆಗಿನ ಅಭಿರುಚಿಗೆ ಹೊಂದುತ್ತಿರಲಿಲ್ಲ. ಒಂದು ರಾತ್ರಿಯ ಧ್ವನಿಮುದ್ರಣಕ್ಕೆ ಆತ ಬೇಡವಾದ. ಕಾಳಜಿಗೂ ಒಂದು ಫ್ಯಾಷನ್ ಇರುತ್ತದೆಂಬುದನ್ನು ಈ ಪ್ರಸಂಗದಷ್ಟು ಚೆನ್ನಾಗಿ ತಿಳಿಸುವ ಇನ್ನೊಂದು ನಿದರ್ಶನವನ್ನು ನಾನು ಕಂಡಿಲ್ಲ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಹಾಡುಗಳ ಮೇಲೆ ಎಚ್ಚರಿಕೆಯ ಪಟ್ಟಿ ಅಂಟಿಸಬೇಕೆಂಬ ಒತ್ತಾಯದ ಕುರಿತು ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಸಂಭಾವಿತ ಗಾಯಕನೆಂದು ಹೆಸರಾದ ಡೆನ್ವರ್ ತಮ್ಮ ಪರವಾಗಿ ಮಾತಾಡುತ್ತಾನೆಂದು ಪಟ್ಟಿಯ ಪರವಾದಿಗಳು ನಂಬಿದ್ದರು. ಆತ ಯಾವುದೇ ಬಗೆಯ ಸೆನ್ಸಾರ್ ಸಲ್ಲದೆಂದು ಖಡಾಖಂಡಿತವಾಗಿ ಹೇಳಿದ. ಬೆಟ್ಟದ ಬೆರಗಿನ ತನ್ನ ಹಾಡನ್ನೇ ಮಾದಕ ವಸ್ತುವಿನ ಹಾಡೆಂದು ತಪ್ಪು ತಿಳಿದು ಕೆಲವು ರೇಡಿಯೊ ಕೇಂದ್ರಗಳು ನಿಷೇಧಿಸಿದ್ದನ್ನು ನೆನಪಿಸಿದ. ಶೀತಲ ಸಮರದ ಆ ದಿನಗಳಲ್ಲೇ ಸೋವಿಯತ್ ಒಕ್ಕೂಟಕ್ಕೆ ಹೋಗಿ ಹಾಡಿದ. ಅಲ್ಲಿನ ಗಾಯಕ ಅಲೆಕ್ಸಾಂಡರ್ ಗ್ರಾಡ್‌ಸ್ಕಿ ಜೊತೆ ಶಸ್ತ್ರಾಸ್ತ್ರ ಪೈಪೋಟಿಯ ವಿರುದ್ಧ ಹಾಡೊಂದನ್ನು ಧ್ವನಿಮುದ್ರಿಸಿದ. 1987ರಲ್ಲಿ ಚೆರ್ನೋಬಿಲ್ ಸಂತ್ರಸ್ತರಿಗಾಗಿ ಮತ್ತೆ ಅಲ್ಲಿಗೆ ಹೋದ. ಅಷ್ಟರಲ್ಲಿ ಆರ್‌ಸಿಎ ಕಂಪನಿಯೊಂದಿಗಿನ ದೀರ್ಘಕಾಲದ ಒಪ್ಪಂದ ಮುಗಿದುಹೋಗಿತ್ತು. ಕೋಟಿಗಟ್ಟಲೆ ಧ್ವನಿಮುದ್ರಿಕೆ ಮಾರಾಟವಾಗಿದ್ದವನು ಸ್ವಂತ ಕಂಪನಿಯಿಂದ ಹಾಡುಗಳನ್ನು ಹೊರತರಬೇಕಾಯಿತು.

ಇದನ್ನೆಲ್ಲ ಬರೆಯುತ್ತ ಆತನನ್ನು ಸಂತನನ್ನಾಗಿಸುವ ಆಸೆ ನನಗಿಲ್ಲ. ಆತನ ಎರಡೂ ಮದುವೆಗಳು ಮುರಿದುಬಿದ್ದವು. 1993 ಮತ್ತು 1994ರಲ್ಲಿ ಕುಡಿದು ವಾಹನ ಚಲಾಯಿಸಿದ್ದಕ್ಕೆ ಬಂಧನಕ್ಕೊಳಗಾದ. ಭೂಮಿಯ ಮೇಲೆ ಹಗುರವಾಗಿ ಬದುಕಬೇಕೆಂದು ಹೇಳುತ್ತಿದ್ದವನು ಸ್ವಂತ ಜೆಟ್ ವಿಮಾನ ಇಟ್ಟುಕೊಂಡಿದ್ದ. ಬೆಟ್ಟಗಳಿಗೆ ಜನ ಮುತ್ತುವುದರ ವಿರುದ್ಧ ಬರೆದ ಹಾಡೇ ಜನರನ್ನು ಆ ಬೆಟ್ಟಗಳಿಗೆ ಕರೆಯಿತು. 1994ರ ಆತ್ಮಕಥೆಯಲ್ಲಿ ಆತ ತನ್ನ ದೌರ್ಬಲ್ಯಗಳನ್ನು ಮರೆಮಾಚಲಿಲ್ಲ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ತಪ್ಪುಗಳು ಅಳಿಸಿಹೋಗುವುದಿಲ್ಲ.

ವಿಮಾನ ಹಾರಿಸುವುದು ತಂದೆಯಿಂದ ಬಂದ ಒಲವು. ಕೊನೆಯೂ ಅದರಿಂದಲೇ ಬಂತು. 1997ರ ಅಕ್ಟೋಬರ್ 12ರಂದು, ಹೊಸದಾಗಿ ಕೊಂಡಿದ್ದ ಲಾಂಗ್-ಇಝಡ್ ಎಂಬ ಪುಟ್ಟ ವಿಮಾನವನ್ನು ಒಬ್ಬನೇ ಹಾರಿಸುತ್ತಿದ್ದಾಗ ಅದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಗೆ ಬಿತ್ತು. ಒಂದು ಇಂಧನ ತೊಟ್ಟಿಯಿಂದ ಇನ್ನೊಂದಕ್ಕೆ ಬದಲಿಸುವ ಹಿಡಿಯನ್ನು ಆ ವಿಮಾನದಲ್ಲಿ ಪೈಲಟ್‌ನ ಎಡ ಭುಜದ ಹಿಂದೆ ಅಳವಡಿಸಲಾಗಿತ್ತು. ಅದನ್ನು ಎಟುಕಿಸಿಕೊಳ್ಳಲು ತಿರುಗಿದಾಗ ಹತೋಟಿ ತಪ್ಪಿರಬೇಕೆಂದು ತನಿಖೆ ತೀರ್ಮಾನಿಸಿತು. ತೊಟ್ಟಿಯಲ್ಲಿ ಇಂಧನ ಕಡಿಮೆಯಿತ್ತು. ಕುಡಿತದ ಹಿನ್ನೆಲೆಯಿಂದಾಗಿ ಹಾರಾಟಕ್ಕೆ ಬೇಕಾದ ವೈದ್ಯಕೀಯ ಅನುಮತಿಯೂ ಆತನಿಗಿರಲಿಲ್ಲ. ಆದರೆ ಆ ದಿನ ದೇಹದಲ್ಲಿ ಮದ್ಯದ ಅಂಶ ಕಂಡುಬರಲಿಲ್ಲ. ಆಗ ಆತನಿಗೆ 53 ವರ್ಷ.

ಏನು ಉಳಿಯಿತು? ವಿಂಡ್‌ಸ್ಟಾರ್ ಪ್ರತಿಷ್ಠಾನ ಕಾಲಾಂತರದಲ್ಲಿ ಮುಚ್ಚಿತು, ಜಮೀನು ಮಾರಾಟವಾಯಿತು. ಆದರೆ ಅಲ್ಲಿ ಬಡಾವಣೆ ಏಳದಂತೆ ತಡೆಯುವ ಸಂರಕ್ಷಣಾ ಕರಾರು ಜಮೀನಿನ ಬಹುಭಾಗವನ್ನು ಕಾಯುತ್ತಿದೆ. ಅಲಾಸ್ಕದ ಕಾಯಿದೆ ಗಾಯಗೊಂಡರೂ ಜಾರಿಯಲ್ಲಿದೆ. ಹಂಗರ್ ಪ್ರಾಜೆಕ್ಟ್ ತನ್ನ ದಾರಿಯನ್ನೇ ಬದಲಿಸಿಕೊಂಡಿತು. ಭಾರತದಲ್ಲಿ ಅದು 2000ದ ಸುಮಾರಿನಿಂದ ಗ್ರಾಮ ಪಂಚಾಯಿತಿಗಳಿಗೆ ಆಯ್ಕೆಯಾದ ಮಹಿಳೆಯರಿಗೆ ತರಬೇತಿ ಕೊಡುವ ಕೆಲಸಕ್ಕಿಳಿಯಿತು. ಕರ್ನಾಟಕವೂ ಅದರ ಕಾರ್ಯಕ್ಷೇತ್ರಗಳಲ್ಲೊಂದಾಯಿತು.

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ ಇಂಥದೊಂದು ಸಭೆಯ ಹಿಂದಿನ ಸಾಲಿನಲ್ಲಿ ನಾನು ಕುಳಿತಿದ್ದೆ. ಮೊದಲ ಬಾರಿ ಗೆದ್ದು ಬಂದಿದ್ದ ಸದಸ್ಯೆಯೊಬ್ಬರು ಎದ್ದು ನಿಂತು, ತಮ್ಮೂರಿನ ಅಂಗನವಾಡಿಗೆ ಬರಬೇಕಾದ ಕಾಳು ಎಷ್ಟು, ಬಂದದ್ದೆಷ್ಟು ಎಂದು ಚೀಟಿ ನೋಡಿಕೊಂಡು ಲೆಕ್ಕ ಒಪ್ಪಿಸಿದರು. ಮೊದಮೊದಲು ನಡುಗುತ್ತಿದ್ದ ದನಿ ಲೆಕ್ಕ ಮುಗಿಯುವ ಹೊತ್ತಿಗೆ ಗಟ್ಟಿಯಾಗಿತ್ತು. ಆ ಸಭೆಯಲ್ಲಿ ಡೆನ್ವರ್‌ನ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾದ ಅಗತ್ಯವೂ ಇರಲಿಲ್ಲ. ಆ ಮಹಿಳೆಯರ ಧೈರ್ಯ ಅವರದೇ. ಅದನ್ನು ದೂರದ ಗಾಯಕನೊಬ್ಬನ ಖಾತೆಗೆ ಬರೆಯುವುದು ಅನ್ಯಾಯ. ಆದರೂ ಮೆಟ್ಟಿಲುಗಳ ಮೇಲಿನ ಆ ಕತ್ತಲೆಯ ರಾತ್ರಿಗಳು ನೆನಪಾದವು. ನಾವು ಹಾಡಿ ಮುಗಿಸಿ, ದೀಪ ಬಂದೊಡನೆ ಕೋಣೆಗಳಿಗೆ ಮರಳುತ್ತಿದ್ದೆವು. ಹಾಡು ಮುಗಿದ ಮೇಲೆಯೂ ಕೆಲಸ ಉಳಿದಿರುತ್ತದೆಂದು ತಿಳಿದಿದ್ದ ಮನುಷ್ಯ, ತನ್ನೆಲ್ಲ ಕುಂದುಗಳೊಂದಿಗೆ, ನಮ್ಮ ಗಿಟಾರಿನೊಳಗೇ ಇದ್ದ. ನಮಗೆ ಕೇಳಿಸಿದ್ದು ರಾಗ ಮಾತ್ರ.