ಗ್ರೆಚ್ಚೊ ಗ್ರಾಮದ ಗೋದಲಿ

ಪ್ರತಿ ಡಿಸೆಂಬರ್ ಮಾಸದಲ್ಲಿಯೂ ನಮ್ಮ ಬಾಲಿಕೆಯರು ಬಿದಿರು, ಹುಲ್ಲು, ಬಣ್ಣದ ಕಾಗದಗಳಿಂದ ಗೋದಲಿಯನ್ನು ಕಟ್ಟುವುದು ವಾಡಿಕೆ. ಕಳೆದ ವರ್ಷ ದೇವದೂತರ ಬಿಳಿಯ ಉಡುಪು ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಮನಸ್ತಾಪವುಂಟಾಗಿ ಇಬ್ಬರು ಎರಡು ದಿನ ಮಾತು ಬಿಟ್ಟಿದ್ದರು. ಅವರಿಗೆ ಬುದ್ಧಿ ಹೇಳಹೊರಟ ನಮ್ಮ ಮನಸ್ಸಿನಲ್ಲಿಯೂ, ಅತಿಥಿಗಳ ಕಣ್ಣಿಗೆ ನಮ್ಮ ಗೋದಲಿಯು ಅಂದವಾಗಿ ಕಾಣಬೇಕೆಂಬ ಚಿಂತೆಯೇ ಮುಂದಾಗಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಆದಕಾರಣ ಈ ಪದ್ಧತಿಯು ಲೋಕದಲ್ಲಿ ಹರಡಲು ಕಾರಣನಾದ ಅಸಿಸಿಯ ಸಾಧು ಫ್ರಾನ್ಸಿಸನ ಚರಿತ್ರೆಯನ್ನು ಈ ಸಂಚಿಕೆಗೆ ಬರೆಯಲು ಮನಸ್ಸಾಯಿತು.

ಫ್ರಾನ್ಸಿಸನು ಇಟಲಿ ದೇಶದ ಅಸಿಸಿ ಪಟ್ಟಣದಲ್ಲಿ 1181 ಅಥವಾ 1182ರಲ್ಲಿ ಜವಳಿ ವರ್ತಕನೊಬ್ಬನ ಮಗನಾಗಿ ಹುಟ್ಟಿದನು. ಯೌವನವು ಹಾಡು, ಔತಣ, ಬೆಲೆಬಾಳುವ ಉಡುಪುಗಳಲ್ಲಿಯೇ ಕಳೆಯಿತು. ಯುದ್ಧದಲ್ಲಿ ಸೆರೆಸಿಕ್ಕಿ, ಬಳಿಕ ರೋಗದಿಂದ ನರಳಿದಾಗ ಅವನ ಮನಸ್ಸು ತಿರುಗತೊಡಗಿತು. ಕುಷ್ಠರೋಗಿಗಳ ವಸತಿಯನ್ನು ದೂರದಿಂದ ಕಂಡರೂ ಮೂಗು ಮುಚ್ಚಿಕೊಳ್ಳುತ್ತಿದ್ದವನು ಅವರ ಬಳಿಗೆ ಹೋಗಿ ಹುಣ್ಣುಗಳನ್ನು ತೊಳೆಯುವವನಾದನು. ಪಾಳುಬಿದ್ದ ದೇವಾಲಯವೊಂದನ್ನು ದುರಸ್ತಿ ಮಾಡಿಸಲು ತಂದೆಯ ಬಟ್ಟೆಯನ್ನು ಕೇಳದೆ ಮಾರಿದನು. ಇದು ಸರಿಯೆಂದು ನಾವು ಹೇಳಲಾರೆವು. ತಂದೆಯು ದೂರಿತ್ತಾಗ ಅವನು ಬಿಷಪ್ಪರ ಮುಂದೆ ಹಣವನ್ನು ಮಾತ್ರವಲ್ಲದೆ ಉಟ್ಟ ಬಟ್ಟೆಯನ್ನೂ ಕಳಚಿಕೊಟ್ಟು ಬಡತನವನ್ನು ವರಿಸಿದನು. ಅವನನ್ನು ಹಿಂಬಾಲಿಸಿದ ಸಹೋದರರ ಸಂಘದ ನಿಯಮಾವಳಿಯನ್ನು ಪೋಪ್ 3ನೆಯ ಹೊನೋರಿಯಸನು 1223ನೆಯ ನವೆಂಬರ್ 29ರಂದು ಸ್ಥಿರಪಡಿಸಿದನು.

ಅದೇ ವರ್ಷದ ಕ್ರಿಸ್ಮಸ್ಸಿಗೆ ಫ್ರಾನ್ಸಿಸನು ರಿಯೇತಿ ಕಣಿವೆಯ ಗ್ರೆಚ್ಚೊ ಎಂಬಲ್ಲಿದ್ದನು. ಹಬ್ಬಕ್ಕೆ ಸುಮಾರು ಹದಿನೈದು ದಿನ ಮೊದಲು ಜೊವಾನ್ನಿ ಎಂಬ ಸ್ಥಳದ ಗೌರವಸ್ಥನನ್ನು ಕರೆದು, ಬೆತ್ಲೆಹೇಮಿನ ಶಿಶುವು ಎಷ್ಟು ಕೊರತೆಯಲ್ಲಿ ಹುಟ್ಟಿತೆಂಬುದನ್ನು ತನ್ನ ಕಣ್ಣುಗಳಿಂದ ಕಾಣಬೇಕೆಂದು ತಿಳಿಸಿ, ಗೋದಲಿಯನ್ನೂ ಒಣಹುಲ್ಲನ್ನೂ ಒಂದು ಎತ್ತು, ಒಂದು ಕತ್ತೆಗಳನ್ನೂ ಸಿದ್ಧಪಡಿಸಹೇಳಿದನು. ಬಣ್ಣದ ಕಾಗದವಿರಲಿಲ್ಲ, ದೇವದೂತರ ಉಡುಪಿಗಾಗಿ ಜಗಳವೂ ಇರಲಿಲ್ಲ! ಸುತ್ತಲಿನ ಸ್ತ್ರೀಪುರುಷರು ದೀವಟಿಗೆಗಳನ್ನೂ ಮೇಣದ ಬತ್ತಿಗಳನ್ನೂ ಹಿಡಿದು ಕಾಡಿನ ಕತ್ತಲೆಯಲ್ಲಿ ಬಂದು ಸೇರಿದರು. ಗೋದಲಿಯ ಬಳಿಯಲ್ಲಿಯೇ ಆರಾಧನೆ ನಡೆಯಿತು. ಡೀಕನನಾಗಿದ್ದ ಫ್ರಾನ್ಸಿಸನು ಸುವಾರ್ತೆಯನ್ನು ಹಾಡಿ, ನೆರೆದವರಿಗೆ ಬೋಧಿಸಿದನು. ಬೆತ್ಲೆಹೇಮೆಂಬ ಹೆಸರನ್ನು ಅವನು ಉಚ್ಚರಿಸಿದಾಗ ಕುರಿಮರಿಯ ಕೂಗಿನಂತೆ ಕೇಳುತ್ತಿತ್ತೆಂದು ಅವನ ಚರಿತ್ರೆಯನ್ನು ಮೊದಲು ಬರೆದ ಚೆಲಾನೊದ ಥಾಮಸನು ತಿಳಿಸುತ್ತಾನೆ.

ಆ ದಿನ ಐಶ್ವರ್ಯವಂತರು ಬಡವರಿಗೆ ಹೊಟ್ಟೆತುಂಬ ಊಟವಿಡಬೇಕು, ಎತ್ತು ಕತ್ತೆಗಳಿಗೆ ಹೆಚ್ಚು ಮೇವು ದೊರೆಯಬೇಕು, ಹಕ್ಕಿಗಳಿಗಾಗಿ ದಾರಿಗಳಲ್ಲಿ ಕಾಳು ಚೆಲ್ಲಬೇಕು, ಹಾಗೆಂದು ಚಕ್ರವರ್ತಿಯೇ ಆಜ್ಞೆ ಹೊರಡಿಸಬೇಕು ಎಂಬುದು ಅವನ ಆಶೆಯಾಗಿತ್ತು.

ಗ್ರೆಚ್ಚೊದಲ್ಲಿಯೇ ನಡೆದ ಮತ್ತೊಂದು ಸಂಗತಿಯುಂಟು. ಅದು ಕ್ರಿಸ್ಮಸ್ ದಿನವೆಂದು ಒಂದು ಗ್ರಂಥವೂ ಪುನರುತ್ಥಾನದ ಹಬ್ಬವೆಂದು ಇನ್ನೊಂದೂ ಹೇಳುತ್ತವೆ. ಹಬ್ಬದ ಗೌರವಕ್ಕಾಗಿ ಸಹೋದರರು ಮೇಜನ್ನು ಎತ್ತರಿಸಿ, ಬಿಳಿಯ ವಸ್ತ್ರ ಹಾಸಿ, ಗಾಜಿನ ಪಾತ್ರೆಗಳನ್ನಿಟ್ಟಿದ್ದರು. ಫ್ರಾನ್ಸಿಸನು ಅದನ್ನು ಕಂಡು ಒಂದು ಮಾತೂ ಆಡಲಿಲ್ಲ. ಅಲ್ಲಿಗೆ ಬಂದಿದ್ದ ಬಡವನೊಬ್ಬನ ಟೋಪಿಯನ್ನೂ ಕೋಲನ್ನೂ ತೆಗೆದುಕೊಂಡು ಹೊರಗೆ ಕಾದಿದ್ದು, ಊಟ ಆರಂಭವಾದ ಮೇಲೆ ಬಾಗಿಲಲ್ಲಿ ನಿಂತು, ರೋಗಿಷ್ಠನಾದ ಯಾತ್ರಿಕನಿಗೆ ಭಿಕ್ಷೆ ನೀಡಿರೆಂದು ಬೇಡಿದನು. ಒಳಗೆ ಕರೆದು ಒಂದು ಬಟ್ಟಲನ್ನು ಕೊಟ್ಟರು. ಅವನು ಬೆಂಕಿಯ ಬಳಿ ಬರಿನೆಲದ ಮೇಲೆ ಕುಳಿತು ಉಣ್ಣತೊಡಗಿದನು. ಮೇಲೆ ಕುಳಿತಿದ್ದವರಿಗೆ ತುತ್ತು ಇಳಿಯಲಿಲ್ಲ, ಕೆಲವರು ಅತ್ತರು.

ಕಣ್ಣಿನ ರೋಗದಿಂದಲೂ ಇತರ ವ್ಯಾಧಿಗಳಿಂದಲೂ ಬಹಳ ಬಳಲಿದ ಫ್ರಾನ್ಸಿಸನು 1226ನೆಯ ಅಕ್ಟೋಬರ್ 3ರ ಸಂಜೆ ಅಸಿಸಿಯ ಬಳಿ ತೀರಿಕೊಂಡನು. ಅಂತ್ಯಕಾಲದಲ್ಲಿ ತನ್ನನ್ನು ಬರಿನೆಲದ ಮೇಲೆ ಮಲಗಿಸಬೇಕೆಂದು ಸಹೋದರರನ್ನು ಕೇಳಿಕೊಂಡಿದ್ದನು.