ಕುದುರೆ ವ್ಯಾಪಾರಿಯ ಮೊಮ್ಮಗ, ಕಾರ್ಖಾನೆಗಳ ದಿವಾನ: ಸರ್ ಮಿರ್ಜಾ ಇಸ್ಮಾಯಿಲ್

ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಓಡಾಡೋರು ಕವಿಕಾ ಅನ್ನೋ ಬೋರ್ಡ್ ನೋಡೇ ಇರ್ತಾರೆ. ಪೂರ್ತಿ ಹೆಸರು ಕರ್ನಾಟಕ ವಿದ್ಯುತ್ ಕಾರ್ಖಾನೆ. ನಮ್ಮ ಬೀದಿ ಬದಿಯ ಎಷ್ಟೋ ಟ್ರಾನ್ಸ್‌ಫಾರ್ಮರ್‌ಗಳು ಅಲ್ಲಿ ತಯಾರಾದವು. ರಾಜಾಜಿನಗರ ದಾಟಿ ಯಶವಂತಪುರದ ಹಳೇ ತುಮಕೂರು ರಸ್ತೆಗೆ ಹೋದರೆ ಮೈಸೂರು ಲ್ಯಾಂಪ್ಸ್ ಕಾಂಪೌಂಡ್ ಸಿಗುತ್ತೆ. ಒಂದು ಕಾಲದಲ್ಲಿ ಮನೆ ಮನೆಗೆ ಬಲ್ಬ್ ಕೊಟ್ಟ ಕಾರ್ಖಾನೆ ಅದು, ಬಾಗಿಲು ಹಾಕಿ ಇಪ್ಪತ್ತು ವರ್ಷ ಮೇಲಾಯ್ತು. ಒಂದು ನಡೀತಿದೆ, ಒಂದು ನಿಂತಿದೆ. ಎರಡೂ ಶುರುವಾಗಿದ್ದು ಒಬ್ಬರೇ ದಿವಾನರ ಕಾಲದಲ್ಲಿ, ಅದೂ ದೇಶದಲ್ಲಿ ವ್ಯಾಪಾರ ಕುಸಿದು ಬಿದ್ದಿದ್ದ 1930ರ ದಶಕದಲ್ಲಿ. ಅವರೇ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಮನೆತನದ್ದೇ ವ್ಯಾಪಾರದ ಕಥೆ. ಅವರ ತಾತ ಅಲಿ ಅಸ್ಕರ್ ಇರಾನಿನ ಶಿರಾಜ್ ಊರಿನವರು. 1824ರಲ್ಲಿ, ಇನ್ನೂ ಹದಿಹರೆಯದಲ್ಲೇ, ಕುದುರೆಗಳನ್ನು ಹೊಡ್ಕೊಂಡು ಬೆಂಗಳೂರಿಗೆ ಬಂದರು. ದಂಡಿನ ಬ್ರಿಟಿಷರಿಗೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕುದುರೆ ಮಾರಿದರು. ದುಡ್ಡು ಕೂಡಿದ ಮೇಲೆ ಹೈಗ್ರೌಂಡ್ಸ್ ಸುತ್ತಮುತ್ತ ದೊಡ್ಡ ದೊಡ್ಡ ಬಂಗಲೆ ಕಟ್ಟಿಸಿದರು. ಈಗಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಲ್ಲೇ ಇರೋದು. ರೈಲು ಬಂತು, ಆಮೇಲೆ ಮೋಟಾರು ಬಂತು, ಕುದುರೆ ವ್ಯಾಪಾರ ಹಿಂದಕ್ಕೆ ಸರೀತು. ಅಷ್ಟರಲ್ಲಿ ಮನೆಯ ಮಕ್ಕಳು ಅರಮನೆ ನೌಕರಿ ಹಿಡಿದಿದ್ದರು. ಕಾಲ ಬದಲಾದಾಗ ಕಸುಬು ಬದಲಾಯಿಸೋದು ಈ ಮನೆಗೆ ಹೊಸದೇನಲ್ಲ.

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಲ್ಲೇ. ಮುಂದೆ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಕೂತು ಓದೋಕೆ ಆರಿಸಿದ ಹುಡುಗರಲ್ಲಿ ಇವರೂ ಒಬ್ಬರು. ಇಬ್ಬರಿಗೂ ಒಂದು ವರ್ಷದ ಅಂತರವೂ ಇಲ್ಲ. ಆ ಗೆಳೆತನ ಕೊನೆವರೆಗೂ ಉಳೀತು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಪೊಲೀಸ್ ಇಲಾಖೆಯಲ್ಲಿ ಸ್ವಲ್ಪ ದಿನ ಇದ್ದು, ಆಮೇಲೆ ಹುಜೂರ್ ಸೆಕ್ರೆಟರಿ, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿ, 1926ರಲ್ಲಿ ದಿವಾನ್. ಆಗ ವಯಸ್ಸು 42.

ದಿವಾನ್ ಅಂದ್ರೆ ಎಲ್ಲಾ ಅಧಿಕಾರ ಇತ್ತು ಅಂತ ತಿಳ್ಕೋಬೇಡಿ. ಮೈಸೂರು ಸಂಸ್ಥಾನಕ್ಕೆ ಸ್ವಂತ ಬಂದರು ಇರಲಿಲ್ಲ. ಹೊರದೇಶದ ಮಾಲಿಗೆ ಎಷ್ಟು ಸುಂಕ ಹಾಕಬೇಕು ಅನ್ನೋದು ದೆಹಲಿಯ ಬ್ರಿಟಿಷ್ ಸರ್ಕಾರದ ಕೈಲಿತ್ತು. ನಾಣ್ಯವೂ ಅವರದೇ. ಮೇಲಿಂದ ಮೈಸೂರು ವರ್ಷಾ ವರ್ಷಾ 35 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಿತ್ತು. ಇದನ್ನು ಇಳಿಸಿ ಅಂತ ಹಿಂದಿನಿಂದಲೂ ಕೇಳ್ತಾ ಬಂದಿದ್ದರು. ಮಿರ್ಜಾ ದಿವಾನರಾದ ಮರುವರ್ಷ ವೈಸ್‌ರಾಯ್ ಇರ್ವಿನ್ ಅದರಲ್ಲಿ ಹತ್ತೂವರೆ ಲಕ್ಷ ಬಿಟ್ಟುಕೊಟ್ಟರು. ಕನ್ನಂಬಾಡಿಯಿಂದ ಮಂಡ್ಯದ ಕಡೆ ಹೋಗುವ ನಾಲೆಗೆ ಮೊದಲು ಇರ್ವಿನ್ ನಾಲೆ ಅಂತ ಹೆಸರಿತ್ತು. ಈಗ ಅದೇ ವಿಶ್ವೇಶ್ವರಯ್ಯ ನಾಲೆ.

ಹೀಗೆ ಸ್ವಲ್ಪ ಉಸಿರಾಡೋ ಹೊತ್ತಿಗೆ 1929 ಬಂತು. ಅಮೆರಿಕದಲ್ಲಿ ಷೇರುಪೇಟೆ ಬಿತ್ತು, ಅದರ ಹೊಡೆತ ನಮ್ಮ ಸಂತೆಗಳಿಗೂ ತಟ್ಟಿತು. ಬೆಳೆದ ಬೆಳೆಗೆ ರೇಟಿಲ್ಲ, ಕಂದಾಯ ಮಾತ್ರ ಅಷ್ಟೇ. ಎಲ್ಲಕ್ಕಿಂತ ಜೋರಾಗಿ ಏಟು ತಿಂದದ್ದು ರೇಷ್ಮೆ. ಕೆಂಗೇರಿ ದಾಟಿ ಇದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗೋ ರಾಮನಗರ, ಚನ್ನಪಟ್ಟಣದ ಸೀಮೆಯೆಲ್ಲ ಹುಳು ಸಾಕಿ ಬದುಕ್ತಿದ್ದ ಜಾಗ. ಜಪಾನ್, ಚೀನಾದಿಂದ ಅಗ್ಗದ ರೇಷ್ಮೆ ನೂಲು ಬಂದು ಸುರೀತು. ಇಲ್ಲಿ ಗೂಡು ಕೇಳೋರಿಲ್ಲ. ಎಷ್ಟೋ ಜನ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಹಾಕಿದರು. ನೇಕಾರನಿಗೆ ಮಾತ್ರ ಆ ಅಗ್ಗದ ನೂಲು ಅನುಕೂಲವೇ. ಹೀಗಾಗಿ ಇದು ಸುಲಭದ ಜಗಳ ಆಗಿರಲಿಲ್ಲ. ಬೆಳೆಯೋನ ಪರ ನಿಂತ್ರೆ ನೇಯೋನು ಬೈತಾನೆ. ಸುಂಕ ಹಾಕೋ ಅಧಿಕಾರ ಮೈಸೂರಿಗೆ ಇಲ್ಲದ ಕಾರಣ ದೆಹಲಿ ಮುಂದೆ ವಾದ ಮಾಡಬೇಕಾಯ್ತು. ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆದು 1934ರಲ್ಲಿ ರಕ್ಷಣಾ ಸುಂಕ ಬಂತು. ರೇಷ್ಮೆ ಬೆಳೆಗಾರರು ಕೇಳಿದಷ್ಟು ಸಿಗಲಿಲ್ಲ, ಆದರೂ ಕಸುಬು ಪೂರ್ತಿ ಸಾಯಲಿಲ್ಲ.

ರೇಷ್ಮೆ ಒಂದೇ ಅಲ್ಲ. ಜಪಾನಿನ ಬಟ್ಟೆ, ಬಲ್ಬು, ಪಿಂಗಾಣಿ ಸಾಮಾನು ಅಂಗಡಿ ಅಂಗಡಿಗೂ ಬಂದಿತ್ತು. ಈಗ ಆನ್‌ಲೈನ್ ರೇಟು ನೋಡಿ ಅಂಗಡಿಯವರು ತಲೆ ಮೇಲೆ ಕೈ ಹೊತ್ತುಕೊಳ್ಳೋ ಹಾಗೆ ಅವತ್ತು ಇಲ್ಲಿ ಮಾಲು ತಯಾರಿಸೋರ ಸ್ಥಿತಿ.

ಇಂಥಾ ಹೊತ್ತಲ್ಲಿ ಹೊಸ ಕಾರ್ಖಾನೆ ಹಾಕೋದು ಹುಚ್ಚುತನ ಅಂತ ಕಾಣುತ್ತೆ. ಮಿರ್ಜಾ ಲೆಕ್ಕ ಬೇರೆ ಇತ್ತು. ಸುಂಕ ಕೈಲಿಲ್ಲ, ಸರಿ. ಜಾಗ ಕೈಲಿದೆ. 1902ರಿಂದಲೇ ಶಿವನಸಮುದ್ರದ ಕರೆಂಟ್ ಇದೆ. ಕಾಡಿನಲ್ಲಿ ಬಿದಿರು, ಅರಗು, ಗಂಧ ಇದೆ. ಹೊಸ ನಾಲೆ ಕೆಳಗೆ ಕಬ್ಬು ಬರುತ್ತೆ. ಹೊರಗಿಂದ ತಂದು ಜೋಡಿಸೋ ಮಾಲು ಬಿಟ್ಟು, ಇಲ್ಲೇ ಸಿಗೋ ಪದಾರ್ಥಕ್ಕೆ ಕಾರ್ಖಾನೆ ಹಾಕಿದರೆ ಸಾಗಣೆ ಖರ್ಚಲ್ಲೇ ಅರ್ಧ ಗೆಲ್ಲಬಹುದು. ದುಡ್ಡಿಗೂ ದಾರಿ ಕಂಡುಕೊಂಡರು. ಕೆಲವನ್ನು ಸರ್ಕಾರವೇ ನಡೆಸೋದು, ಇನ್ನು ಕೆಲವಕ್ಕೆ ಕಂಪನಿ ಮಾಡಿ ಸರ್ಕಾರ ಒಂದು ಪಾಲು ಷೇರು ತಗೊಂಡು ಉಳಿದದ್ದನ್ನು ಜನರಿಗೆ ಮಾರೋದು. ಸರ್ಕಾರವೇ ಪಾಲುದಾರ ಅಂದ ಮೇಲೆ ಬ್ಯಾಂಕಿಗೆ ದುಡ್ಡು ಹಾಕೋ ಜನ ಷೇರಿಗೂ ಹಾಕಿದರು.

1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. ಅದೇ ಸುಮಾರಿಗೆ ಬೆಂಗಳೂರಲ್ಲಿ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ, ಅದೇ ಇವತ್ತಿನ ಕವಿಕಾ. ಕರೆಂಟ್ ಲೈನಿಗೆ ಬೇಕಾದ ಪಿಂಗಾಣಿ ಇನ್ಸುಲೇಟರ್ ಮಾಡೋಕೆ ಪೋರ್ಸಲೇನ್ ಫ್ಯಾಕ್ಟರಿ. 1936ರಲ್ಲಿ ಮೈಸೂರು ಲ್ಯಾಂಪ್ಸ್. ಭದ್ರಾವತಿಯಲ್ಲಿ ಕಾಗದ, ಉಕ್ಕು, ಸಿಮೆಂಟ್. 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದಕ್ಕೊಂದು ಕೊಂಡಿ ಕಾಣುತ್ತೆ: ಕರೆಂಟ್ ಹಳ್ಳಿಗೆ ಹೋಗಬೇಕು ಅಂದ್ರೆ ಟ್ರಾನ್ಸ್‌ಫಾರ್ಮರ್ ಬೇಕು, ಕಂಬದ ಮೇಲೆ ಪಿಂಗಾಣಿ ಬೇಕು, ಮನೆಯೊಳಗೆ ಬಲ್ಬ್ ಬೇಕು. ಮೊದಲ ಗಿರಾಕಿ ಸರ್ಕಾರವೇ.

ಇಲ್ಲಿ ಒಂದು ಮಾತು ಸರಿ ಮಾಡಬೇಕು. ಸ್ಯಾಂಡಲ್ ಸೋಪ್ ಫ್ಯಾಕ್ಟರಿಯನ್ನೂ ಮಿರ್ಜಾ ಲೆಕ್ಕಕ್ಕೆ ಸೇರಿಸೋರಿದ್ದಾರೆ, ಅದು ತಪ್ಪು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗೋದು ನಿಂತಾಗ ನಾಲ್ವಡಿ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಎಣ್ಣೆ ತೆಗೆಯೋದು ಶುರುವಾಯ್ತು, 1918ರ ಹೊತ್ತಿಗೆ ಸೋಪು ಮಾರುಕಟ್ಟೆಗೆ ಬಂತು. ಭದ್ರಾವತಿ ಕಬ್ಬಿಣವೂ ವಿಶ್ವೇಶ್ವರಯ್ಯನವರದೇ ಯೋಜನೆ. ಅದು 1923ರಲ್ಲಿ ಶುರುವಾಗೋ ಹೊತ್ತಿಗೆ ಕಬ್ಬಿಣದ ರೇಟು ಬಿದ್ದು, ಮುಚ್ಚಿಬಿಡಿ ಅನ್ನೋರು ಬಹಳ ಇದ್ದರು. ಮುಚ್ಚದೆ ಪೈಪು ಎರಕ ಹೊಯ್ದು, ಮುಂದೆ ಉಕ್ಕು ಸೇರಿಸಿ ಬದುಕಿಸಿದ ಉದಾಹರಣೆ ಮಿರ್ಜಾ ಕಣ್ಣ ಮುಂದೆಯೇ ಇತ್ತು.

ಮಾಲು ತಯಾರಿಸಿದರೆ ಸಾಲದು, ಮಾರಬೇಕು ಅನ್ನೋದು ಕುದುರೆ ವ್ಯಾಪಾರಿ ಮೊಮ್ಮಗನಿಗೆ ಹೇಳಿಕೊಡಬೇಕಿರಲಿಲ್ಲ. ಲಂಡನ್ನಿನಲ್ಲಿ ಮೈಸೂರಿನ ಟ್ರೇಡ್ ಕಮಿಷನರ್ ಕಚೇರಿ ಇತ್ತು. ದಸರಾ ವಸ್ತುಪ್ರದರ್ಶನದಲ್ಲಿ ಇಲ್ಲಿನ ಮಾಲು ಇಡ್ತಿದ್ದರು. ಮಾಲಿನ ಹೆಸರಲ್ಲೆಲ್ಲ ಮೈಸೂರು ಇರಬೇಕು, ಇದ್ದ ಮೇಲೆ ಮಾಲು ಚೆನ್ನಾಗಿರಬೇಕು. ದೊಡ್ಡ ಯಂತ್ರದ ಜೊತೆ ಕೈಕಸುಬನ್ನೂ ಬಿಡಲಿಲ್ಲ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳೋಕೆ ನಂದಿಬೆಟ್ಟ, ಬೆಂಗಳೂರಲ್ಲಿ ಇದ್ದ ವರ್ಷವೇ ನಂಜನಗೂಡು ಹತ್ತಿರದ ಬದನವಾಳದಲ್ಲಿ ಖಾದಿ ಕೇಂದ್ರ ಶುರುವಾಯ್ತು.

ಊರು ಚೊಕ್ಕಟ ಇರಬೇಕು ಅನ್ನೋದು ಅವರ ಇನ್ನೊಂದು ಹುಚ್ಚು. ಬೆಳಿಗ್ಗೆ ಕುದುರೆ ಹತ್ತಿ ರಸ್ತೆ, ಚರಂಡಿ, ಪಾರ್ಕು ನೋಡಿಕೊಂಡು ಬರೋರು. ಕನ್ನಂಬಾಡಿಯ ಬೃಂದಾವನ, 1935ರ ಬೆಂಗಳೂರು ಟೌನ್‌ಹಾಲ್ ಎಲ್ಲ ಅವರ ಕಾಲದವು.

ಹಾಗಂತ ಎಲ್ಲರೂ ಸುಖವಾಗಿದ್ದರು ಅಂತೇನಿಲ್ಲ. 1930ರಲ್ಲಿ ಕೋಲಾರ ಚಿನ್ನದ ಗಣಿ ಕಾರ್ಮಿಕರು ಬೆರಳಚ್ಚು ತಗೊಳ್ಳೋ ಹೊಸ ಪದ್ಧತಿ ವಿರುದ್ಧ ಕೆಲಸ ನಿಲ್ಲಿಸಿದರು. ದುಡಿಯೋನನ್ನ ಕಳ್ಳನ ಹಾಗೆ ನೋಡ್ತಾರೆ ಅನ್ನೋದು ಅವರ ಸಿಟ್ಟು. ಕಾರ್ಖಾನೆ ತರೋದಕ್ಕೆ ತೋರಿಸಿದ ಅವಸರವನ್ನು ದಿವಾನರು ಜನರಿಗೆ ಅಧಿಕಾರ ಕೊಡೋದರಲ್ಲಿ ತೋರಿಸಲಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸೋಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಕಪ್ಪು ಚುಕ್ಕೆ ಅವರ ಆಡಳಿತದ ಮೇಲೆ ಇವತ್ತಿಗೂ ಇದೆ.

1940ರ ಆಗಸ್ಟ್‌ನಲ್ಲಿ ನಾಲ್ವಡಿ ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ವಿಮಾನ ಕಾರ್ಖಾನೆ, ಅಂದ್ರೆ ಇವತ್ತಿನ ಎಚ್‌ಎಎಲ್, ಬೆಂಗಳೂರಿಗೆ ಬಂತು. ಮೈಸೂರು ಸರ್ಕಾರ ಜಾಗವನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಅದು ಮಿರ್ಜಾ ಇಲ್ಲಿ ಮಾಡಿದ ಕೊನೆಯ ದೊಡ್ಡ ಕೆಲಸ. 1941ರಲ್ಲಿ ದಿವಾನಗಿರಿ ಬಿಟ್ಟರು. ಆಮೇಲೆ ಜೈಪುರಕ್ಕೆ ಹೋಗಿ ಪ್ರಧಾನಿಯಾಗಿ ಅಲ್ಲಿನ ಊರು ತಿದ್ದಿದರು, ಅಲ್ಲಿ ವ್ಯಾಪಾರ ಜೋರಾಗಿ ನಡೆಯೋ ಎಂ.ಐ. ರೋಡ್ ಇವರದೇ ಹೆಸರು. ಹೈದರಾಬಾದಿನಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ. ಕೊನೆಗೆ ಬೆಂಗಳೂರಿಗೇ ವಾಪಸ್ ಬಂದು, 1959ರ ಜನವರಿ 5ರಂದು ಇಲ್ಲೇ ತೀರಿಕೊಂಡರು.

ಅವರು ಬಿಟ್ಟುಹೋದ ಕಾರ್ಖಾನೆಗಳ ಗತಿ ಒಂದೊಂದಕ್ಕೆ ಒಂದೊಂದು ಥರ. ಪೋರ್ಸಲೇನ್ ಬಿಎಚ್‌ಇಎಲ್‌ಗೆ ಸೇರಿತು. ಭದ್ರಾವತಿ ಕಾಗದ ಕಾರ್ಖಾನೆ 2015ರಿಂದ ನಿಂತಿದೆ. ಮಂಡ್ಯದ ಸಕ್ಕರೆ ಕಾರ್ಖಾನೆ ನಿಂತು ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು. ಮೈಸೂರಿನ ಬಣ್ಣದ ಕಾರ್ಖಾನೆಗೆ ಯಾರೂ ಮಾಡದ ಒಂದು ಮಾಲು ಸಿಕ್ಕಿತು. ಓಟು ಹಾಕಿದಾಗ ಬೆರಳಿಗೆ ಹಚ್ಚೋ ಶಾಯಿ 1962ರಿಂದ ಅಲ್ಲಿಂದಲೇ ಬರ್ತಿದೆ. ಸೋಪ್ ಫ್ಯಾಕ್ಟರಿ 90ರ ದಶಕದಲ್ಲಿ ವಿದೇಶಿ ಕಂಪನಿಗಳ ಪೈಪೋಟಿಗೆ ಸಿಕ್ಕಿ ರೋಗಗ್ರಸ್ತ ಕೈಗಾರಿಕೆ ಪಟ್ಟಿ ಸೇರಿ, ಗಂಧದೆಣ್ಣೆ ಬಿಡದೆ ಎದ್ದು ನಿಂತಿತು. ಬಲ್ಬ್ ಕಾರ್ಖಾನೆಗೆ ಹಾಗೆ ಹಿಡಿದು ನಿಲ್ಲೋಕೆ ತನ್ನದೇ ಅನ್ನೋ ಮಾಲು ಇರಲಿಲ್ಲ. ಬಲ್ಬನ್ನ ಯಾರು ಬೇಕಾದ್ರೂ ಮಾಡಬಹುದಿತ್ತು, ಅಗ್ಗಕ್ಕೂ ಮಾಡಿದರು. ಈಗ ಹಳೇ ತುಮಕೂರು ರಸ್ತೆಯ ಆ ಜಾಗದಲ್ಲಿ ಬೆಂಗಳೂರಿನ ಇತಿಹಾಸ ತೋರಿಸೋ ಕೇಂದ್ರ ಕಟ್ಟುತ್ತೇವೆ ಅಂತ ಸರ್ಕಾರ ಹೇಳಿದೆ.